ಕಲಾಯಿಯ ಶಬ್ದವೂ ಲೋಹಶುದ್ಧಿಯ ವಿಧಿಯೂ

ತಾಮ್ರ ಹಿತ್ತಾಳೆಗಳ ಪಾತ್ರೆಗಳ ಒಳಮೈಗೆ ತವರವನ್ನು ಲೇಪಿಸುವ ಕ್ರಿಯೆಗೆ ಕನ್ನಡದಲ್ಲಿ ಕಲಾಯಿಯೆಂದು ಹೆಸರು. ಈ ಶಬ್ದವು ದೇಶ್ಯವಲ್ಲ, ಸಂಸ್ಕೃತಭವವೂ ಅಲ್ಲ. ತವರವೆಂಬರ್ಥದ ಅರಬ್ಬೀ ಪದವೊಂದು ಪಾರಸಿಯ ಮಾರ್ಗವಾಗಿ ಬಂದು ಇಲ್ಲಿ ನೆಲೆಸಿದುದು. ಹೆಸರು ಹೊರಗಿನದಾದರೂ ಲೋಹವಿವೇಕವು ಈ ದೇಶದಲ್ಲಿ ಅತಿ ಪ್ರಾಚೀನವಾದುದು. ಯಜುರ್ವೇದದ ಚಮಕದಲ್ಲಿ ಸೀಸವೂ ತ್ರಪುವೂ, ಅಂದರೆ ತವರವೂ, ಬೇರೆ ಬೇರೆಯಾಗಿ ಎಣಿಸಲ್ಪಟ್ಟಿವೆ. ನೋಟಕ್ಕೆ ಸಮೀಪವಾದ ಈ ಎರಡು ಲೋಹಗಳ ಭೇದವೇ ಪ್ರಕೃತ ವಿಷಯದ ಮರ್ಮವು.

ಸ್ಟೀಲಿನ ಪಾತ್ರೆಗಳು ಬರುವುದಕ್ಕೆ ಮುಂಚೆ ಧಾರವಾಡ ಸೀಮೆಯ ಅಣ್ಣಿಗೇರಿ, ನವಲಗುಂದ, ಕುಂದಗೋಳ, ಕಲಘಟಗಿಗಳ ಹಳ್ಳಿಗಳಲ್ಲಿ ಹಂಡೆ, ಕೊಡ, ಬೋಗುಣಿಗಳು ತಾಮ್ರ ಹಿತ್ತಾಳೆಗಳವೇ ಆಗಿದ್ದವು. ಹುಣಿಸೆಯ ಹುಳಿಯೂ ಮಜ್ಜಿಗೆಯೂ ಇವುಗಳ ಬರಿಯ ಮೈಗೆ ಸೋಂಕಿದರೆ ಕಿಲುಬು ಹುಟ್ಟುವುದು. ಅದಕ್ಕೆ ಪರಿಹಾರವೇ ಕಲಾಯಿ. ಕಲಾಯಿಯವನು ತಿದಿಯೊತ್ತಿ ಪಾತ್ರೆಯನ್ನು ಕಾಯಿಸಿ, ನವಸಾಗರದ ಪುಡಿಯಿಂದ ಮೈಯನ್ನು ಶುದ್ಧಿಮಾಡಿ, ತವರದ ಕಡ್ಡಿಯನ್ನು ತಾಗಿಸಿ, ಅರಳೆಯಿಂದ ಸುತ್ತಲೂ ಒರೆಸುವನು. ಆಗ ಏಳುವ ಬಿಳಿಯ ಹೊಗೆಯನ್ನು ಮೊದಲು ಕುಡಿಯುವವನು ಅವನೇ.

ಲೇಪದ ಮೇಲೆ ರಾಜಶಾಸನವು ಹೊಸದಲ್ಲ. ಆರ್. ಶಾಮಶಾಸ್ತ್ರಿಗಳು 1909ರಲ್ಲಿ ಮೈಸೂರಿನಲ್ಲಿ ಪ್ರಕಟಿಸಿದ ಕೌಟಿಲ್ಯನ ಅರ್ಥಶಾಸ್ತ್ರದಲ್ಲಿ ಅಕ್ಕಸಾಲೆಯವರ ವಂಚನೆಗಳ ಪೈಕಿ ‘ಪೇಟಕ’ವೆಂಬುದೊಂದುಂಟು, ಸೀಸದ ರೂಪಕ್ಕೆ ಚಿನ್ನದ ತಗಡನ್ನು ಹೊದಿಸುವುದು ಅದರ ಒಂದು ಬಗೆ. ಅಲ್ಲಿ ಸೀಸವು ದೂಷ್ಯವಾದುದು ವಿಷವೆಂದಲ್ಲ, ಮೋಸವೆಂದು. ರಸಶಾಸ್ತ್ರದ ದೃಷ್ಟಿ ಬೇರೆ. ರಸರತ್ನಸಮುಚ್ಚಯವು ನಾಗವಂಗಗಳನ್ನು, ಎಂದರೆ ಸೀಸ ತವರಗಳನ್ನು, ಪೂತಿಲೋಹಗಳೆಂದು ಕರೆದು, ವಂಗದಲ್ಲಿ ಖುರಕ ಮಿಶ್ರಕಗಳೆಂಬ ಎರಡು ಜಾತಿಗಳನ್ನು ಹೇಳುತ್ತದೆ. ಬೆಳ್ಳಗೆ ಮೃದುವಾಗಿ ಬೇಗನೆ ಕರಗುವ ಖುರಕವು ಶ್ರೇಷ್ಠ. ಕಪ್ಪು ಬೆರೆತ ಬಿಳುಪಿನ ಮಿಶ್ರಕವು ಹೀನ.

ಈ ವಿಭಾಗವು ಕೇವಲ ಗ್ರಂಥಸ್ಥವಲ್ಲ. ಶುದ್ಧ ತವರವು 232 ಡಿಗ್ರಿ ಸೆಂಟಿಗ್ರೇಡಿನಲ್ಲಿ ಕರಗುವುದು. ತಕ್ಕ ಪ್ರಮಾಣದಲ್ಲಿ ಸೀಸವನ್ನು ಬೆರೆಸಿದರೆ 183ರಲ್ಲಿಯೇ ಕರಗುವುದು. ಸೀಸವು ಅಗ್ಗವೂ ಹೌದು. ಬೆರಕೆಯ ಆಶೆಗೆ ಇವೆರಡೂ ಕಾರಣಗಳು. ಆದರೆ ಹುಳಿಯಲ್ಲಿ ಕರಗಿದ ಸೀಸವು ಅನ್ನದೊಡನೆ ದೇಹವನ್ನು ಸೇರಿ, ವಿಶೇಷವಾಗಿ ಮಕ್ಕಳ ಬುದ್ಧಿಗೆ ಹಾನಿಮಾಡುವುದು.

ಆಹಾರ ಕಲಬೆರಕೆ ನಿವಾರಣೆಯ 1955ರ ನಿಯಮಗಳು, ಸರಿಯಾಗಿ ಕಲಾಯಿಯಾಗದ ತಾಮ್ರ ಹಿತ್ತಾಳೆಗಳ ಪಾತ್ರೆಯಲ್ಲಿ ಮಾಡಿದ ಆಹಾರವನ್ನು ಅಯೋಗ್ಯವೆಂದು ಎಣಿಸಿದವು. ಆ ವಾಕ್ಯದಲ್ಲಿ ತವರದ ಶುದ್ಧಿಯ ಮಾತಿಲ್ಲ. ‘ಸರಿಯಾಗಿ’ ಎಂಬುದಕ್ಕೆ ಮೈಯೆಲ್ಲ ಮುಚ್ಚಿರಬೇಕೆಂದಷ್ಟೇ ಅರ್ಥಮಾಡಿದರೆ ಮಿಶ್ರಕವೂ ನ್ಯಾಯವಾದೀತು. ಇತ್ತ 2012ರ ಮೇ 1ರಿಂದ ಜಾರಿಗೆ ಬಂದ ವಿದ್ಯುನ್ಮಾನ ತ್ಯಾಜ್ಯದ ನಿಯಮಗಳು ಉಪಕರಣಗಳಲ್ಲಿಯ ಪ್ರತಿಯೊಂದು ಏಕರೂಪ ದ್ರವ್ಯದಲ್ಲಿ ಸೀಸಕ್ಕೆ ನೂರಕ್ಕೆ 0.1, ಕ್ಯಾಡ್ಮಿಯಮ್ಮಿಗೆ 0.01 ಎಂದು ತೂಕದ ಮಿತಿಯನ್ನು ಸ್ಪಷ್ಟವಾಗಿ ವಿಧಿಸಿದವು. ಲೇಪವು ಬೇರೆಯ ದ್ರವ್ಯವಾದುದರಿಂದ ಅದನ್ನು ಪ್ರತ್ಯೇಕವಾಗಿಯೇ ಪರೀಕ್ಷಿಸಬೇಕು.

ಯಂತ್ರದ ತಂತಿಗೆ ಹಚ್ಚಿದ ತವರಕ್ಕೆ ಇಷ್ಟು ಎಚ್ಚರವಿರುವಾಗ, ಅನ್ನದ ಬೋಗುಣಿಯ ತವರಕ್ಕೆ ಅದಕ್ಕಿಂತ ಕಡಮೆ ಎಚ್ಚರವು ಯುಕ್ತವಲ್ಲ. ಆದುದರಿಂದ ‘ಸರಿಯಾದ ಕಲಾಯಿ’ ಎಂದರೆ ಖುರಕದ ಕಲಾಯಿಯೆಂದೇ ಅರ್ಥಮಾಡತಕ್ಕದ್ದು. ಶಾಸ್ತ್ರವೂ ಶಾಸನವೂ ಕೂಡುವ ಸ್ಥಾನವಿದು.