ಚಾರ್ಜರ್‌ಗೆ ಕಾಣದ ಆ ಒಂದು ಸೆಲ್

ಇವತ್ತಿನ ಎಪಿಸೋಡ್‌ನಲ್ಲಿ ನಿಮ್ಮ ಎಲೆಕ್ಟ್ರಿಕ್ ಸ್ಕೂಟರ್ ಒಳಗಿರೋ ಬ್ಯಾಟರಿ ಪೆಟ್ಟಿಗೆಯ ಇತಿಹಾಸ.

ಕಥೆ ಶುರುವಾಗೋದು 1970ರ ದಶಕದ ಅಮೆರಿಕದಲ್ಲಿ, ಅದೂ ಒಂದು ತೈಲ ಕಂಪನಿಯಲ್ಲಿ! ಎಕ್ಸಾನ್ ಲ್ಯಾಬ್‌ನಲ್ಲಿ ಸ್ಟ್ಯಾನ್ಲಿ ವಿಟಿಂಗ್‌ಹ್ಯಾಮ್ ಲಿಥಿಯಂ ಲೋಹ ಬಳಸಿ ರೀಚಾರ್ಜ್ ಆಗೋ ಬ್ಯಾಟರಿ ಮಾಡಿದರು. ಅಲ್ಲಿ ಎಷ್ಟು ಸಲ ಬೆಂಕಿ ಹತ್ತಿತು ಅಂದ್ರೆ, ಆರಿಸೋಕೆ ಬೇಕಾದ ವಿಶೇಷ ಕೆಮಿಕಲ್ ಖರ್ಚು ನೀವೇ ಕೊಡಬೇಕಾಗುತ್ತೆ ಅಂತ ಅಗ್ನಿಶಾಮಕ ದಳದವರು ಎಚ್ಚರಿಸಿದ್ದರಂತೆ. 1980ರಲ್ಲಿ ಜಾನ್ ಗುಡ್‌ಇನಫ್ ಲಿಥಿಯಂ ಕೋಬಾಲ್ಟ್ ಆಕ್ಸೈಡ್ ತಂದರು. 1985ರಲ್ಲಿ ಜಪಾನಿನ ಅಕಿರಾ ಯೋಶಿನೋ, ಅಪಾಯಕಾರಿ ಲಿಥಿಯಂ ಲೋಹವನ್ನೇ ಹೊರಗಿಟ್ಟು ಸೆಲ್ ಮಾಡಿದರು. 1991ರಲ್ಲಿ ಸೋನಿ ಅದನ್ನು ಮಾರುಕಟ್ಟೆಗೆ ತಂತು. 2019ರಲ್ಲಿ ಮೂವರಿಗೂ ನೊಬೆಲ್ ಬಂತು.

ಕ್ಯಾಮೆರಾ, ಫೋನ್‌ಗಳಿಗೆ ಒಂದೆರಡು ಸೆಲ್ ಸಾಕಿತ್ತು. ಗಾಡಿಗೆ ಸಾಲದು. 2008ರ ಟೆಸ್ಲಾ ರೋಡ್‌ಸ್ಟರ್‌ನಲ್ಲಿ 6,831 ಸೆಲ್‌ಗಳಿದ್ದವು. 69 ಸೆಲ್‌ಗಳ ಒಂದೊಂದು ಗುಂಪು, ಅಂಥ 99 ಗುಂಪುಗಳು ಸಾಲಾಗಿ. ಈ ಸಾಲಿನಲ್ಲೇ ಹೊಸ ಸಮಸ್ಯೆ ಹುಟ್ಟಿದ್ದು.

ಹಳೇ ಲೆಡ್-ಆಸಿಡ್ ಬ್ಯಾಟರಿಗೆ ಸ್ವಲ್ಪ ಜಾಸ್ತಿ ಚಾರ್ಜ್ ಆದ್ರೂ ತಡ್ಕೊಳ್ಳುತ್ತೆ. ತುಂಬಿದ ಸೆಲ್ ಹೆಚ್ಚುವರಿ ಕರೆಂಟನ್ನು ನೀರು ಒಡೆದು ಗ್ಯಾಸ್ ಮಾಡೋಕೆ ಖರ್ಚು ಮಾಡುತ್ತೆ, ಅಷ್ಟರಲ್ಲಿ ಹಿಂದುಳಿದ ಸೆಲ್ ಸಮಕ್ಕೆ ಬರುತ್ತೆ. 2001ರಲ್ಲಿ ನಮ್ಮ ಬೆಂಗಳೂರಿನಿಂದ ಹೊರಟ ರೇವಾ ಕಾರು ಓಡಿದ್ದು ಇಂಥ ಬ್ಯಾಟರಿಗಳ ಮೇಲೇ. ಲಿಥಿಯಂಗೆ ಆ ಕ್ಷಮಾಗುಣ ಇಲ್ಲ. ಸಾಮಾನ್ಯ ಲಿಥಿಯಂ ಸೆಲ್ 4.2 ವೋಲ್ಟ್ ದಾಟಿದರೆ ಒಳಗೆ ಹಾಳಾಗೋಕೆ ಶುರು, ಮುಂದೆ ಬೆಂಕಿಯವರೆಗೂ ಹೋಗಬಹುದು.

ನಾನು ಬಿ.ಕಾಂ. ಓದಿದವನು. ನಮಗೆ ಮೊದಲ ವರ್ಷದಲ್ಲೇ ಹೇಳಿಕೊಡ್ತಾರೆ: ಟ್ರಯಲ್ ಬ್ಯಾಲೆನ್ಸ್ ಟ್ಯಾಲಿ ಆದ ಮಾತ್ರಕ್ಕೆ ಲೆಕ್ಕ ಸರಿ ಇದೆ ಅಂತಲ್ಲ. ಒಂದು ಕಡೆ ಕಮ್ಮಿ, ಇನ್ನೊಂದು ಕಡೆ ಜಾಸ್ತಿ ಬರೆದಿದ್ರೂ ಮೊತ್ತ ಕೂಡುತ್ತೆ. ಬ್ಯಾಟರಿಯಲ್ಲೂ ಇದೇ ಕಥೆ. 14 ಸೆಲ್ ಸಾಲಾಗಿರೋ ಪ್ಯಾಕ್ ಫುಲ್ ಆದಾಗ 58.8 ವೋಲ್ಟ್. 13 ಸೆಲ್‌ಗಳು 4.18ರಲ್ಲಿ ನಿಂತು, ಒಂದೇ ಒಂದು 4.46ಕ್ಕೆ ಏರಿದ್ರೂ ಮೊತ್ತ 58.8 ತಾನೇ? ಸಾದಾ ಚಾರ್ಜರ್‌ಗೆ ಕಾಣೋದು ಮೊತ್ತ ಮಾತ್ರ. ಆ ಒಂದು ಸೆಲ್ ಕಾಣಲ್ಲ.

ಅದಕ್ಕೇ ಬಂದಿದ್ದು ಬಿಎಂಎಸ್, ಅಂದ್ರೆ ಬ್ಯಾಟರಿ ಮ್ಯಾನೇಜ್‌ಮೆಂಟ್ ಸಿಸ್ಟಂ. ಇದು ನಮ್ಮ ಆಡಿಟರ್ ಇದ್ದ ಹಾಗೆ, ಪ್ರತಿ ಸೆಲ್‌ನ ವೋಲ್ಟೇಜ್ ಬೇರೆ ಬೇರೆಯಾಗಿ ನೋಡುತ್ತೆ. ಮುಂದೆ ಓಡೋ ಸೆಲ್‌ನ ಹೆಚ್ಚುವರಿ ಚಾರ್ಜನ್ನು ಸಣ್ಣ ರೆಸಿಸ್ಟರ್ ಮೂಲಕ ಬಿಸಿಯಾಗಿ ಕಳೆದು, ಉಳಿದವಕ್ಕೆ ಟೈಮ್ ಕೊಡುತ್ತೆ. ಇದೇ ಬ್ಯಾಲೆನ್ಸಿಂಗ್. ಮಿತಿ ಮೀರಿದರೆ ಚಾರ್ಜಿಂಗನ್ನೇ ಕಟ್ ಮಾಡುತ್ತೆ.

2022ರ ಮಾರ್ಚ್‌ನಲ್ಲಿ ತಮಿಳುನಾಡಿನ ವೆಲ್ಲೂರಿನಲ್ಲಿ, ಮನೆಯಲ್ಲಿ ಚಾರ್ಜಿಗೆ ಹಾಕಿದ್ದ ಸ್ಕೂಟರ್‌ಗೆ ಬೆಂಕಿ ಹತ್ತಿ, ಹೊಗೆಯಲ್ಲಿ ಉಸಿರುಗಟ್ಟಿ ಅಪ್ಪ-ಮಗಳು ತೀರಿಕೊಂಡರು. ಪ್ರತಿ ಬೆಂಕಿಗೂ ಬ್ಯಾಲೆನ್ಸಿಂಗೇ ಕಾರಣ ಅಂತಲ್ಲ. ಕಳಪೆ ಸೆಲ್, ಸಡಿಲ ವೈರಿಂಗ್, ಒಳಗೆ ಸೇರಿದ ನೀರು, ಏನೂ ಆಗಿರಬಹುದು. ಆದರೆ ಆ ವರ್ಷದ ಸಾಲು ಸಾಲು ಬೆಂಕಿಗಳ ನಂತರ ಸರ್ಕಾರ ಎಐಎಸ್-156 ನಿಯಮಗಳನ್ನು ಬಿಗಿ ಮಾಡಿತು. ಮೊದಲ ಹಂತ 2022ರ ಡಿಸೆಂಬರ್ 1ಕ್ಕೆ, ಎರಡನೆಯದು 2023ರ ಮಾರ್ಚ್ 31ಕ್ಕೆ. ಸೆಲ್, ಬಿಎಂಎಸ್, ಚಾರ್ಜರ್ ಎಲ್ಲವೂ ಅದರ ವ್ಯಾಪ್ತಿಗೆ ಬಂದವು.

ನಿಯಮ ಹೊಸ ಗಾಡಿಯನ್ನು ಕಾಯುತ್ತೆ. ನನಗೆ ಚಿಂತೆ ಇರೋದು ಮೂರ್ನಾಲ್ಕು ವರ್ಷದ ನಂತರದ್ದು. ಪ್ಯಾಕ್‌ನ ಬೆಲೆಯಲ್ಲಿ ದೊಡ್ಡ ಪಾಲು ಸೆಲ್‌ಗಳದ್ದು, ಬಿಎಂಎಸ್‌ನದು ಚಿಕ್ಕದು. ಆದ್ರೂ ಕಣ್ಣಿಗೆ ಕಾಣದ ಭಾಗ ಆದ್ದರಿಂದ ಮೊದಲು ಕತ್ತರಿ ಬೀಳೋದು ಅದಕ್ಕೇ. ದಿನವಿಡೀ ಗಾಡಿ ಓಡಿಸಿ, ರಾತ್ರಿ ಬಾಡಿಗೆ ರೂಮಿನಲ್ಲಿ ತಲೆ ಪಕ್ಕದಲ್ಲೇ ಬ್ಯಾಟರಿ ಚಾರ್ಜಿಗಿಟ್ಟು ಮಲಗೋ ಡೆಲಿವರಿ ಹುಡುಗನಿಗೆ ಈ ಉಳಿತಾಯ ತುಂಬಾ ದುಬಾರಿ.

ಹಾಗಾಗಿ ಬ್ಯಾಟರಿ ಬದಲಿಸುವಾಗ 'ಎಷ್ಟು ಕಿಲೋಮೀಟರ್ ಬರುತ್ತೆ' ಅನ್ನೋದರ ಜೊತೆ ಇದನ್ನೂ ಕೇಳಿ: ಬಿಎಂಎಸ್ ಯಾವುದು? ಹಳೇ-ಹೊಸ ಸೆಲ್ ಬೆರೆಸಿದ್ದೀರಾ? ಗಾಡಿ ಜೊತೆ ಬಂದ ಚಾರ್ಜರನ್ನೇ ಬಳಸಿ. ಓಡಿಸಿ ಬಂದ ತಕ್ಷಣ ಪ್ಲಗ್ ಹಾಕಬೇಡಿ, ಪ್ಯಾಕ್ ತಣ್ಣಗಾಗಲಿ. ಬಾಗಿಲಿಗೆ ಅಡ್ಡವಾಗಿ, ಹಾಸಿಗೆ ಪಕ್ಕ ಇಡಬೇಡಿ. ಪ್ಯಾಕ್ ಉಬ್ಬಿದ್ದರೆ ಚಾರ್ಜಿಗೇ ಹಾಕಬೇಡಿ.

ಗಾಡಿ ಇರೋ ಒಬ್ಬ ಫ್ರೆಂಡ್‌ಗಾದ್ರೂ ಇದನ್ನು ಕೇಳಿಸಿ. ಮುಂದಿನ ವಾರ ಸಿಗೋಣ.