ಮಾರ್ಫಿನ್‌ಗೆ ಒಗ್ಗಿಹೋದ ಮಿದುಳು: ಓಪಿಯಾಯ್ಡ್ ಅವಲಂಬನೆಯ ರಸಾಯನಶಾಸ್ತ್ರ ನಡೆದುಬಂದ ದಾರಿ

ಮಾರ್ಫಿನ್, ಹೆರಾಯಿನ್‌ಗಳ ಚಟಕ್ಕೆ ಬಿದ್ದವರನ್ನು ಮನೋಬಲವಿಲ್ಲದವರು ಎಂದು ಹಳಿಯುವುದು ಇಂದಿಗೂ ನಿಂತಿಲ್ಲ. ಈ ತೀರ್ಪು ಬಹಳ ಹಳೆಯದು. ಅದನ್ನು ಅಲುಗಾಡಿಸಿದ ವಿಜ್ಞಾನಕ್ಕೆ ಹೆಚ್ಚುಕಡಿಮೆ ಅರ್ಧ ಶತಮಾನದ ವಯಸ್ಸು. ಫ್ರೀಡ್ರಿಶ್ ಸೆರ್ಟ್ಯುರ್ನರ್ ಅಫೀಮಿನಿಂದ ಮಾರ್ಫಿನ್ ಬೇರ್ಪಡಿಸಿದ್ದು 19ನೇ ಶತಮಾನದ ಆರಂಭದಲ್ಲಿ. ಬೇಯರ್ ಕಂಪನಿ 1898ರಲ್ಲಿ ಹೆರಾಯಿನ್ ಅನ್ನು ಕೆಮ್ಮಿನ ಔಷಧಿಯಾಗಿ ಮಾರಾಟಕ್ಕಿಟ್ಟಿತು. ಆದರೆ ಇವು ಮಿದುಳಿನಲ್ಲಿ ಎಲ್ಲಿ ಹೋಗಿ ಏನು ಮಾಡುತ್ತವೆ ಎಂಬುದು 1970ರ ದಶಕದವರೆಗೂ ತಿಳಿದಿರಲಿಲ್ಲ. ಆ ಬಳಿಕದ ಶೋಧಗಳನ್ನು ಸಾಲಾಗಿ ಇಟ್ಟು ನೋಡಿದರೆ ಒಂದು ಮಾತು ಖಚಿತವಾಗುತ್ತದೆ: ಅವಲಂಬನೆ ಎಂದರೆ ಮಿದುಳು ಔಷಧಿಗೆ ಒಗ್ಗಿಕೊಂಡ ಸ್ಥಿತಿ, ಅದಕ್ಕೆ ಬೇಕಾದದ್ದು ದೀರ್ಘಾವಧಿಯ ಚಿಕಿತ್ಸೆ.

ಗ್ರಾಹಕಗಳ ಪತ್ತೆ

1973ರಲ್ಲಿ ಜಾನ್ಸ್ ಹಾಪ್ಕಿನ್ಸ್ ವಿಶ್ವವಿದ್ಯಾಲಯದ ಕ್ಯಾಂಡೇಸ್ ಪರ್ಟ್ ಮತ್ತು ಸಾಲೊಮನ್ ಸ್ನೈಡರ್, ಮಾರ್ಫಿನ್‌ನ ಪರಿಣಾಮವನ್ನು ತಡೆಯುವ ನಲೊಕ್ಸೋನ್‌ಗೆ ವಿಕಿರಣಶೀಲ ಗುರುತು ಹಾಕಿ ಬಳಸಿ, ಮಿದುಳಿನ ಅಂಗಾಂಶದಲ್ಲಿ ಈ ಔಷಧಿಗಳು ಅಂಟಿಕೊಳ್ಳುವ ನಿರ್ದಿಷ್ಟ ತಾಣಗಳು, ಅಂದರೆ ಗ್ರಾಹಕಗಳು, ಇವೆ ಎಂದು ತೋರಿಸಿದರು. ಅದೇ ವರ್ಷ ನ್ಯೂಯಾರ್ಕ್‌ನ ಎರಿಕ್ ಸೈಮನ್ ಮತ್ತು ಸ್ವೀಡನ್ನಿನ ಉಪ್ಸಲಾದಲ್ಲಿ ಲಾರ್ಸ್ ಟೆರೇನಿಯಸ್ ಕೂಡ ಪ್ರತ್ಯೇಕವಾಗಿ ಇದೇ ನಿರ್ಣಯಕ್ಕೆ ಬಂದರು. ಆ ತಾಣಗಳಿಗೆ ಗಟ್ಟಿಯಾಗಿ ಅಂಟುವ ಔಷಧಿಗಳೇ ನೋವನ್ನು ಚೆನ್ನಾಗಿ ತಗ್ಗಿಸುತ್ತಿದ್ದವು. ಮುಂದೆ ಇವುಗಳಲ್ಲಿ ಮ್ಯೂ, ಡೆಲ್ಟಾ, ಕಪ್ಪಾ ಎಂಬ ಬಗೆಗಳನ್ನು ಗುರುತಿಸಲಾಯಿತು. ಮ್ಯೂ ಗ್ರಾಹಕವಿಲ್ಲದಂತೆ ಬೆಳೆಸಿದ ಇಲಿಗಳಲ್ಲಿ ಮಾರ್ಫಿನ್ ನೋವನ್ನೂ ತಗ್ಗಿಸಲಿಲ್ಲ, ಅವಲಂಬನೆಯನ್ನೂ ಉಂಟುಮಾಡಲಿಲ್ಲ ಎಂದು ಬ್ರಿಜಿಟ್ ಕೀಫರ್ ತಂಡ 1996ರಲ್ಲಿ ವರದಿ ಮಾಡಿತು. ಉಪಶಮನ ಮತ್ತು ಅಪಾಯ ಎರಡರ ಬಾಗಿಲೂ ಒಂದೇ.

ಮಿದುಳು ತಾನೇ ತಯಾರಿಸುವ ವಸ್ತು

ಗಿಡದ ರಸಕ್ಕೆ ಪ್ರಾಣಿಯ ಮಿದುಳಿನಲ್ಲಿ ಗ್ರಾಹಕ ಏಕಿರಬೇಕು? ಉತ್ತರ ಸ್ಕಾಟ್ಲೆಂಡಿನ ಅಬರ್ಡೀನ್‌ನಿಂದ ಬಂತು. ಜಾನ್ ಹ್ಯೂಸ್ ಮತ್ತು ಹ್ಯಾನ್ಸ್ ಕಾಸ್ಟರ್ಲಿಟ್ಸ್ ಇಲಿಯ ವೀರ್ಯನಾಳದ ಒಂದು ತುಣುಕನ್ನು ಲವಣದ್ರಾವಣದಲ್ಲಿ ತೂಗುಹಾಕಿ ಅದಕ್ಕೆ ಸಣ್ಣ ವಿದ್ಯುತ್ ಮಿಡಿತ ಕೊಡುತ್ತಿದ್ದರು. ಮಿಡಿತಕ್ಕೊಮ್ಮೆ ಸ್ನಾಯು ಸಂಕುಚಿಸುತ್ತಿತ್ತು. ಮಾರ್ಫಿನ್ ಹಾಕಿದರೆ ಆ ಸಂಕೋಚನ ಕುಗ್ಗುತ್ತಿತ್ತು. ಹಂದಿಯ ಮಿದುಳಿನಿಂದ ತೆಗೆದ ಸಾರ ಹಾಕಿದಾಗಲೂ ಹಾಗೆಯೇ ಕುಗ್ಗಿತು. ನಲೊಕ್ಸೋನ್ ಸೇರಿಸಿದೊಡನೆ ಮತ್ತೆ ಚೇತರಿಸಿಕೊಂಡಿತು. ಆ ಸಾರದಲ್ಲಿದ್ದದ್ದು ತಲಾ ಐದು ಅಮೈನೊ ಆಮ್ಲಗಳ ಎರಡು ಪೆಪ್ಟೈಡ್‌ಗಳು ಎಂದು 1975ರಲ್ಲಿ ಪ್ರಕಟವಾಯಿತು. ಅವೇ ಎನ್‌ಕೆಫಲಿನ್‌ಗಳು. ಬಳಿಕ ಎಂಡಾರ್ಫಿನ್, ಡೈನಾರ್ಫಿನ್‌ಗಳೂ ಸಿಕ್ಕವು. ಹೀಗೆ ಮಾರ್ಫಿನ್ ಎಂಬುದು, ದೇಹ ನೋವು ಮತ್ತು ಒತ್ತಡವನ್ನು ನಿಭಾಯಿಸಲು ಇಟ್ಟುಕೊಂಡಿರುವ ವ್ಯವಸ್ಥೆಯನ್ನೇ ಹೊರಗಿನಿಂದ, ಮಿತಿಮೀರಿ ಬಳಸಿಕೊಳ್ಳುವ ವಸ್ತು ಎಂಬುದು ಸ್ಪಷ್ಟವಾಯಿತು.

ಜೀವಕೋಶದ ಪ್ರತಿತಂತ್ರ

ಅದೇ 1975ರಲ್ಲಿ ಅಮೆರಿಕದ ರಾಷ್ಟ್ರೀಯ ಆರೋಗ್ಯ ಸಂಸ್ಥೆಯಲ್ಲಿ ಶೈಲ್ ಶರ್ಮಾ, ವರ್ನರ್ ಕ್ಲೀ ಮತ್ತು ಮಾರ್ಷಲ್ ನಿರೆನ್‌ಬರ್ಗ್ ಅವಲಂಬನೆಯ ಗುಟ್ಟನ್ನು ಪ್ರಯೋಗಾಲಯದಲ್ಲಿ ಬೆಳೆಸಿದ ಜೀವಕೋಶದೊಳಗೇ ಹುಡುಕಿದರು. ಮಾರ್ಫಿನ್ ತಾಗಿದ ಕೂಡಲೇ ಕೋಶದಲ್ಲಿ ಸೈಕ್ಲಿಕ್ ಎಎಂಪಿ ಎಂಬ ಸಂದೇಶವಾಹಕದ ಉತ್ಪಾದನೆ ಇಳಿಯುತ್ತದೆ. ಮಾರ್ಫಿನ್ ದಿನಗಟ್ಟಲೆ ಹಾಗೆಯೇ ಉಳಿದರೆ, ಸೈಕ್ಲಿಕ್ ಎಎಂಪಿ ತಯಾರಿಸುವ ಕಿಣ್ವದ ಚಟುವಟಿಕೆ ಹೆಚ್ಚಿ ಅದರ ಮಟ್ಟ ಮೊದಲಿನ ಸ್ಥಿತಿಗೆ ಮರಳುತ್ತದೆ. ಮೊದಲಿನ ಪ್ರಮಾಣ ಸಾಲದೆ ಹೋಗಲು ಇದೊಂದು ಕಾರಣ. ಈಗ ಮಾರ್ಫಿನ್ ತೆಗೆದರೆ ತಡೆಯಷ್ಟೇ ಹೋಗುತ್ತದೆ, ಹೆಚ್ಚಿದ ಚಟುವಟಿಕೆ ಉಳಿಯುತ್ತದೆ. ಸೈಕ್ಲಿಕ್ ಎಎಂಪಿ ಸಹಜ ಮಟ್ಟವನ್ನೂ ದಾಟಿ ಏರುತ್ತದೆ.

ಇಡೀ ದೇಹದಲ್ಲಿ ಇದರ ಪರಿಣಾಮ ಏನೆಂಬುದಕ್ಕೆ ಮಿದುಳುಕಾಂಡದ ಲೋಕಸ್ ಸೆರುಲಿಯಸ್ ಎಂಬ ಭಾಗ ಒಳ್ಳೆಯ ನಿದರ್ಶನ. ನಾರ್‌ಅಡ್ರಿನಲಿನ್ ಹರಿಸುವ ಈ ನರಕೋಶಗಳನ್ನು ಮಾರ್ಫಿನ್ ಅಡಗಿಸುತ್ತದೆ. ಔಷಧಿ ನಿಂತಾಗ ಅವು ಅತಿಯಾಗಿ ಕೆರಳುತ್ತವೆ. ಬೆವರು, ಎದೆಬಡಿತ, ನಡುಕ, ಚಡಪಡಿಕೆಗಳಲ್ಲಿ ಈ ಕೆರಳುವಿಕೆಯ ಪಾತ್ರವಿದೆ. ರಕ್ತದೊತ್ತಡದ ಔಷಧಿಯಾದ ಕ್ಲೊನಿಡಿನ್ ಇದನ್ನು ಶಮನಗೊಳಿಸುತ್ತದೆಂದು ಯೇಲ್ ವಿಶ್ವವಿದ್ಯಾಲಯದ ಸಂಶೋಧಕರು 1978ರಲ್ಲಿ ತೋರಿಸಿದರು.

ಸುಖ, ನೆನಪು, ಪರಿಸರ

ನಡುಕ ನಿಂತಮೇಲೂ ಜನ ಮತ್ತೆ ಹೆರಾಯಿನ್‌ಗೆ ಮರಳುವುದೇಕೆ? ಸುಖದ ಅನುಭವಕ್ಕೆ ಸಂಬಂಧಿಸಿದ ಡೋಪಮೈನ್ ನರಕೋಶಗಳನ್ನು ಸದಾ ಹಿಡಿದಿಡುವ ಗಾಬಾ ನರಕೋಶಗಳನ್ನು ಮಾರ್ಫಿನ್‌ನಂಥ ಓಪಿಯಾಯ್ಡ್‌ಗಳು ಸುಮ್ಮನಾಗಿಸುತ್ತವೆ ಎಂದು ಸಂಶೋಧಕರಾದ ಜಾನ್ಸನ್ ಮತ್ತು ನಾರ್ತ್ 1992ರಲ್ಲಿ ವಿವರಿಸಿದರು. ತಡೆ ಸಡಿಲವಾದಾಗ ಡೋಪಮೈನ್ ಉಕ್ಕುತ್ತದೆ. ಆ ಹೊತ್ತಿನ ಜಾಗ, ಜೊತೆಗಾರರು, ಸಿರಿಂಜು ಎಲ್ಲವೂ ನೆನಪಿನಲ್ಲಿ ಅಚ್ಚೊತ್ತುತ್ತವೆ. ಕೆಂಟಕಿಯ ಲೆಕ್ಸಿಂಗ್ಟನ್‌ನಲ್ಲಿ ವ್ಯಸನಿಗಳನ್ನು ಅಧ್ಯಯನ ಮಾಡಿದ ಏಬ್ರಹಾಂ ವಿಕ್ಲರ್, ಹಳೆಯ ಪರಿಸರಕ್ಕೆ ಮರಳಿದವರಲ್ಲಿ ಹಳೆಯ ಯಾತನೆಯೇ ಮರುಕಳಿಸಬಹುದೆಂದು 1940ರ ದಶಕದಲ್ಲೇ ವಾದಿಸಿದ್ದರು. ಲೀ ರಾಬಿನ್ಸ್ ನಡೆಸಿದ ಅಧ್ಯಯನ ಇದರ ಇನ್ನೊಂದು ಮುಖ ತೋರಿಸಿತು: ವಿಯೆಟ್ನಾಂನಲ್ಲಿ ಹೆರಾಯಿನ್‌ಗೆ ಅಂಟಿಕೊಂಡಿದ್ದ ಅಮೆರಿಕದ ಸೈನಿಕರಲ್ಲಿ ಹೆಚ್ಚಿನವರು ಊರಿಗೆ ಮರಳಿದ ಮೇಲೆ ಮತ್ತೆ ಚಟಕ್ಕೆ ಬೀಳಲಿಲ್ಲ. ರಸಾಯನಶಾಸ್ತ್ರ ಒಂದೇ ಎಲ್ಲವನ್ನೂ ನಿರ್ಧರಿಸುವುದಿಲ್ಲ. ಬದುಕಿನ ಸಂದರ್ಭ ಅದರೊಂದಿಗೆ ಹೆಣೆದುಕೊಂಡಿದೆ.

ಚಿಕಿತ್ಸೆಗೆ ಇದು ಹೇಳುವುದೇನು

ಗ್ರಾಹಕಗಳು ಪತ್ತೆಯಾಗುವ ಮೊದಲೇ, 1965ರಲ್ಲಿ, ನ್ಯೂಯಾರ್ಕ್‌ನ ವಿನ್ಸೆಂಟ್ ಡೋಲ್ ಮತ್ತು ಮೇರಿ ನೈಸ್ವಾಂಡರ್ ಮೆಥಡೋನ್ ಎಂಬ ಓಪಿಯಾಯ್ಡ್ ಕೊಡುವ ಚಿಕಿತ್ಸೆಯನ್ನು ಮುಂದಿಟ್ಟರು. ನಂತರ ಬಂದ ಬ್ಯುಪ್ರೆನಾರ್ಫಿನ್ ಮ್ಯೂ ಗ್ರಾಹಕವನ್ನು ಭಾಗಶಃ ಮಾತ್ರ ಪ್ರಚೋದಿಸುತ್ತದೆ. ‘ಒಂದು ಚಟಕ್ಕೆ ಇನ್ನೊಂದು ಚಟ’ ಎಂಬ ಆಕ್ಷೇಪ ಇವೆರಡನ್ನೂ ಬೆನ್ನಟ್ಟಿದೆ. ಆದರೆ ಏರಿಳಿತವಿಲ್ಲದೆ ಗ್ರಾಹಕವನ್ನು ಸ್ಥಿರವಾಗಿಡುವುದರಿಂದ ರೋಗಿಗೆ ದುಡಿಯಲು, ಸಂಸಾರ ನಡೆಸಲು ಬಿಡುವು ಸಿಗುತ್ತದೆ, ಸಾವುಗಳೂ ತಗ್ಗುತ್ತವೆ. ಕೆಲವು ದಿನ ಕೂಡಿಹಾಕಿ ಚಟ ಬಿಡಿಸಿ ಕಳಿಸುವ ಪದ್ಧತಿ ಇದಕ್ಕಿಂತ ಅಪಾಯಕಾರಿ. ದೇಹ ಒಗ್ಗಿಕೊಂಡದ್ದು ಅಷ್ಟರಲ್ಲಿ ಅಳಿದಿರುತ್ತದೆ, ಆಸೆ ಅಳಿದಿರುವುದಿಲ್ಲ; ಮತ್ತೆ ಹಳೆಯ ಪ್ರಮಾಣವನ್ನೇ ತೆಗೆದುಕೊಂಡಾಗ ಉಸಿರಾಟವೇ ನಿಂತುಹೋಗಬಹುದು.

ನಮ್ಮ ದೇಶದ 1985ರ ಮಾದಕವಸ್ತು ಕಾಯಿದೆ ಸೇವನೆಯನ್ನೂ ಅಪರಾಧವೆನ್ನುತ್ತದೆ. 2017ರ ಮಾನಸಿಕ ಆರೋಗ್ಯ ಕಾಯಿದೆ ಮಾದಕವಸ್ತು ದುರ್ಬಳಕೆಗೆ ಸಂಬಂಧಿಸಿದ ಸ್ಥಿತಿಗಳನ್ನು ಮಾನಸಿಕ ಕಾಯಿಲೆಯ ವ್ಯಾಖ್ಯೆಯೊಳಗೆ ತರುತ್ತದೆ. ಬೆಂಗಳೂರಿನ ನಿಮ್ಹಾನ್ಸ್‌ನಲ್ಲಿ ವ್ಯಸನ ಚಿಕಿತ್ಸೆಗೆಂದೇ ಕೇಂದ್ರವಿದೆ. 1973ರಿಂದ ಈಚಿನ ಸಾಕ್ಷ್ಯವೆಲ್ಲ ಎರಡನೆಯ ಕಾಯಿದೆಯ ಪರವಾಗಿದೆ. ಮಧುಮೇಹಿಗೆ ಇನ್ಸುಲಿನ್ ಎಷ್ಟು ವರ್ಷ ಬೇಕು ಎಂಬುದನ್ನು ವೈದ್ಯರು ತೀರ್ಮಾನಿಸುವಂತೆ, ವ್ಯಸನಿಗೆ ಬ್ಯುಪ್ರೆನಾರ್ಫಿನ್ ಎಷ್ಟು ಕಾಲ ಬೇಕು ಎಂಬುದನ್ನೂ ಅವರೇ ತೀರ್ಮಾನಿಸಬೇಕು. ನೆರೆಹೊರೆಯ ನಾಲಿಗೆಗೆ ಅಂಜಿ ಯಾರೂ ಅದನ್ನು ನಡುವೆ ನಿಲ್ಲಿಸುವಂತಾಗಬಾರದು.