ಪಕ್ಷದ ಗೆರೆ ದಾಟುವ ಸಹಕಾರ: ಶಾಸಕರನ್ನು ಅಳೆಯುವುದು ಹೇಗೆ?

ಶಾಸನಸಭೆಯ ಸದಸ್ಯರು ಎದುರು ಪಕ್ಷದವರೊಡನೆ ಎಷ್ಟರಮಟ್ಟಿಗೆ ಕೂಡಿ ಕೆಲಸ ಮಾಡುತ್ತಾರೆ ಎಂಬುದನ್ನು ಅಂಕಿಗಳಲ್ಲಿ ಹೇಳುವ ಪ್ರಯತ್ನಕ್ಕೆ ಸುಮಾರು ನೂರು ವರ್ಷಗಳ ಇತಿಹಾಸವಿದೆ. ಎರಡು ಪಕ್ಷಗಳ ಸದಸ್ಯರು ಎಷ್ಟು ಸಲ ಒಂದೇ ಬಗೆಯಾಗಿ ಮತ ಹಾಕುತ್ತಾರೆ ಎಂಬುದನ್ನು ಲೆಕ್ಕ ಹಾಕುವ ಕ್ರಮವನ್ನು ಅಮೆರಿಕದ ಸಮಾಜಶಾಸ್ತ್ರಜ್ಞ ಸ್ಟುವರ್ಟ್ ರೈಸ್ 1920ರ ದಶಕದಲ್ಲಿಯೇ ರೂಪಿಸಿದರು. ಇಂದು ಹೆಚ್ಚು ಚರ್ಚೆಯಲ್ಲಿರುವುದು ಅಲ್ಲಿನ ಲೂಗರ್ ಸೆಂಟರ್ ಮತ್ತು ಜಾರ್ಜ್‌ಟೌನ್ ವಿಶ್ವವಿದ್ಯಾಲಯದ ಮೆಕ್‌ಕೋರ್ಟ್ ಶಾಲೆ ಜಂಟಿಯಾಗಿ 2015ರಿಂದ ಪ್ರಕಟಿಸುತ್ತ ಬಂದಿರುವ ಸೂಚ್ಯಂಕ. ಇದು ಮತದಾನವನ್ನು ಪರಿಗಣಿಸುವುದಿಲ್ಲ. ಮಸೂದೆಗಳ ಮೇಲಿನ ಸಹಿಗಳನ್ನು ಎಣಿಸುತ್ತದೆ. ಸದಸ್ಯರ ಮಸೂದೆಗೆ ಎದುರು ಪಕ್ಷದವರು ಎಷ್ಟು ಮಂದಿ ಸಹಪ್ರಾಯೋಜಕರಾದರು, ಎದುರು ಪಕ್ಷದವರ ಮಸೂದೆಗಳಿಗೆ ಆ ಸದಸ್ಯರು ಎಷ್ಟು ಸಲ ಸಹಿ ಹಾಕಿದರು ಎಂಬ ಎರಡು ಪ್ರಶ್ನೆಗಳೇ ಅದರ ತಳಹದಿ. ಮತ ಹಾಕುವಾಗ ನಾಯಕರ ಒತ್ತಡವಿರುತ್ತದೆ, ಸಹಿ ಹಾಕುವುದು ಬಹುಮಟ್ಟಿಗೆ ಸ್ವಂತ ಇಚ್ಛೆ ಎಂಬುದು ಇದರ ಹಿಂದಿನ ತರ್ಕ.

ಈ ಅಳತೆಗೋಲನ್ನು ವಿಧಾನಸೌಧಕ್ಕೆ ತಂದರೆ ಅಳೆಯುವುದಕ್ಕೆ ವಸ್ತುವೇ ಸಿಗುವುದಿಲ್ಲ. 224 ಸದಸ್ಯರ ವಿಧಾನಸಭೆಯಲ್ಲಿ ಅಂಗೀಕಾರವಾಗುವ ಮಸೂದೆಗಳು ಹೆಚ್ಚುಕಡಿಮೆ ಎಲ್ಲವೂ ಸರ್ಕಾರದವು. ಅವನ್ನು ಮಂಡಿಸುವವರು ಮಂತ್ರಿಗಳು. ಎದುರು ಪಕ್ಷದವರು ಸಹಪ್ರಾಯೋಜಕರಾಗುವ ಪದ್ಧತಿ ಇಲ್ಲ. ಸಂಸತ್ತಿನಲ್ಲಿಯೂ ಖಾಸಗಿ ಸದಸ್ಯರ ಮಸೂದೆಯೊಂದು ಕೊನೆಯದಾಗಿ ಕಾಯ್ದೆಯಾದದ್ದು 1970ರಲ್ಲಿ. ಮಸೂದೆಗಳು ಸಾಮಾನ್ಯವಾಗಿ ಧ್ವನಿಮತದಿಂದ ಅಂಗೀಕಾರವಾಗುವುದರಿಂದ ಯಾರು ಯಾವ ಕಡೆ ಇದ್ದರು ಎಂಬುದು ಕಡತದಲ್ಲಿ ಉಳಿಯುವುದಿಲ್ಲ. ಮತವಿಭಜನೆ ನಡೆದರೂ ಅದು ಸದಸ್ಯರ ಮನಸ್ಸನ್ನು ತೋರಿಸೀತೆಂಬ ಭರವಸೆಯಿಲ್ಲ. 1985ರ ಸಂವಿಧಾನದ 52ನೇ ತಿದ್ದುಪಡಿಯ ಮೂಲಕ ಬಂದ ಹತ್ತನೇ ಅನುಸೂಚಿಯ ಪ್ರಕಾರ ಪಕ್ಷದ ವಿಪ್ ಮೀರಿದ ಸದಸ್ಯರನ್ನು 15 ದಿನಗಳೊಳಗೆ ಪಕ್ಷ ಮನ್ನಿಸದಿದ್ದರೆ ಅವರು ಅನರ್ಹತೆಗೆ ಗುರಿಯಾಗುತ್ತಾರೆ. ಹೀಗಿರುವಾಗ ಹಾಜರಾತಿ, ಕೇಳಿದ ಪ್ರಶ್ನೆ, ಭಾಗವಹಿಸಿದ ಚರ್ಚೆಗಳ ಲೆಕ್ಕವಷ್ಟೇ ನಮ್ಮಲ್ಲಿ ದೊರೆಯುತ್ತದೆ. ಅದು ಶಾಸಕರ ಚಟುವಟಿಕೆಯ ಲೆಕ್ಕವೇ ಹೊರತು ಸಹಕಾರದ ಲೆಕ್ಕವಲ್ಲ.

ಹಾಗೆಂದು ಸಹಕಾರವೇ ಇಲ್ಲವೆನ್ನಲಾಗದು. 2016ರ ಸೆಪ್ಟೆಂಬರ್ 23ರಂದು ಕಾವೇರಿ ನೀರನ್ನು ಕುಡಿಯುವ ಉದ್ದೇಶಕ್ಕೆ ಮಾತ್ರ ಬಳಸುವ ನಿರ್ಣಯವನ್ನು ವಿಧಾನಮಂಡಲದ ವಿಶೇಷ ಅಧಿವೇಶನ ಸರ್ವಾನುಮತದಿಂದ ಅಂಗೀಕರಿಸಿತು. ಅಧಿಕಾರದಲ್ಲಿದ್ದುದು ಕಾಂಗ್ರೆಸ್, ವಿಧಾನಸಭೆಯಲ್ಲಿ ನಿರ್ಣಯವನ್ನು ಓದಿದವರು ವಿರೋಧ ಪಕ್ಷದ ನಾಯಕ ಜಗದೀಶ್ ಶೆಟ್ಟರ್ ಮತ್ತು ಜೆಡಿಎಸ್‌ನ ವೈ.ಎಸ್.ವಿ. ದತ್ತ. ಆದರೆ ನೀರಿನ ವಿಷಯದಲ್ಲಿ ಭಿನ್ನ ದನಿಯೆತ್ತಿದವರಿಗೆ ತಮ್ಮ ಕ್ಷೇತ್ರದಲ್ಲಿ ಮುಖ ತೋರಿಸುವುದೇ ಕಷ್ಟ. ಇಂಥ ಒಮ್ಮತಕ್ಕೆ ಎಷ್ಟು ಅಂಕ ಕೊಡಬೇಕೆಂಬುದು ಸುಲಭದ ಪ್ರಶ್ನೆಯಲ್ಲ.

ಹೆಚ್ಚು ಗಟ್ಟಿಯಾದ ನಿದರ್ಶನ ದೊರೆಯುವುದು ಹಿಂದುಳಿದ ಪ್ರದೇಶಕ್ಕೆ ವಿಶೇಷ ಸ್ಥಾನಮಾನ ನೀಡುವ ಸಂವಿಧಾನದ 371ಜೆ ವಿಧಿಯ ಕಥೆಯಲ್ಲಿ. ಕೇಂದ್ರದಲ್ಲಿ ವಾಜಪೇಯಿ ನೇತೃತ್ವದ ಸರ್ಕಾರವಿದ್ದಾಗ ಈ ಬೇಡಿಕೆ ತಿರಸ್ಕೃತವಾಗಿತ್ತು. ಅದೇ ಬಿಜೆಪಿ ರಾಜ್ಯದಲ್ಲಿ ಅಧಿಕಾರದಲ್ಲಿದ್ದಾಗ, 2010ರ ಮಾರ್ಚ್‌ನಲ್ಲಿ, ವಿಧಾನಮಂಡಲವು ಬೇಡಿಕೆಯ ಪರವಾಗಿ ನಿರ್ಣಯ ಕೈಗೊಂಡಿತು. ಕೇಂದ್ರದ ಯುಪಿಎ ಸರ್ಕಾರ ಮಸೂದೆ ತಂದು, 2012ರ ಡಿಸೆಂಬರ್‌ನಲ್ಲಿ ಸಂಸತ್ತು ಅದನ್ನು ಪಕ್ಷಭೇದವಿಲ್ಲದೆ ಅಂಗೀಕರಿಸಿತು. 98ನೇ ತಿದ್ದುಪಡಿಯಾಗಿ ಅದು ಜಾರಿಗೆ ಬಂದದ್ದು 2013ರ ಅಕ್ಟೋಬರ್ 1ರಂದು. ಬಳ್ಳಾರಿ ಸೀಮೆ ಮದ್ರಾಸ್ ರಾಜ್ಯದಿಂದ ಬೇರ್ಪಟ್ಟು ಮೈಸೂರಿಗೆ ಸೇರಿದ್ದು 1953ರ ಅದೇ ದಿನ ಎಂಬುದು ಕಾಕತಾಳೀಯ. ರಾಜ್ಯದ ಕಾಂಗ್ರೆಸ್ ಸರ್ಕಾರ ಪ್ರಾದೇಶಿಕ ವೃಂದದ ಹುದ್ದೆಗಳಲ್ಲಿ 'ಸಿ' ದರ್ಜೆಗೆ ಶೇ 80, 'ಡಿ' ದರ್ಜೆಗೆ ಶೇ 85ರಷ್ಟು ಮೀಸಲಾತಿಯನ್ನು ನಿಗದಿಪಡಿಸಿತು. ಒಬ್ಬರು ಕೇಳಿದರು, ಇನ್ನೊಬ್ಬರು ಕೊಟ್ಟರು, ಆಮೇಲೆ ಬಂದವರು ಯಾರೂ ಹಿಂತೆಗೆದುಕೊಳ್ಳಲಿಲ್ಲ. ಸಹಿ ಎಣಿಸುವ ಸೂಚ್ಯಂಕಕ್ಕೆ ಇದಾವುದೂ ಕಾಣಿಸುವುದಿಲ್ಲ.

ಈ ಸೌಲಭ್ಯದ ಹೊರಗೆ ಉಳಿದದ್ದು ಹರಪನಹಳ್ಳಿ. 1997ರಲ್ಲಿ ದಾವಣಗೆರೆ ಜಿಲ್ಲೆ ರಚನೆಯಾದಾಗ ಈ ತಾಲ್ಲೂಕು ಬಳ್ಳಾರಿಯಿಂದ ಅಲ್ಲಿಗೆ ಹೋಗಿತ್ತು. ಪಕ್ಕದ ಹೂವಿನಹಡಗಲಿ ತಾಲ್ಲೂಕಿನಲ್ಲಿ, ತುಂಗಭದ್ರೆಯ ದಂಡೆಯ ಮಾಗಳದಂಥ ಊರಿನ ವಿದ್ಯಾರ್ಥಿಗೆ ಸಿಗುವ ಮೀಸಲು ಸೀಟು ಹರಪನಹಳ್ಳಿಯ ವಿದ್ಯಾರ್ಥಿಗೆ ಸಿಗಲಿಲ್ಲ. ಇಬ್ಬರೂ ನೆಚ್ಚಿಕೊಂಡದ್ದು ಒಂದೇ ಮಳೆಯನ್ನು. ವ್ಯತ್ಯಾಸವಿದ್ದುದು ಜಿಲ್ಲೆಯ ಹೆಸರಿನಲ್ಲಿ ಮಾತ್ರ. ಕ್ಷೇತ್ರವನ್ನು 2013ರಿಂದ 2018ರವರೆಗೆ ಪ್ರತಿನಿಧಿಸಿದವರು ಕಾಂಗ್ರೆಸ್‌ನ ಎಂ.ಪಿ. ರವೀಂದ್ರ; ಹಡಗಲಿಯವರಾದ ಮಾಜಿ ಉಪಮುಖ್ಯಮಂತ್ರಿ ಎಂ.ಪಿ. ಪ್ರಕಾಶ್ ಅವರ ಪುತ್ರ. 2018ರಲ್ಲಿ ತಾಲ್ಲೂಕು ಮರಳಿ ಬಳ್ಳಾರಿಗೆ ಸೇರಿ 371ಜೆ ವ್ಯಾಪ್ತಿಗೆ ಬಂದಿತು. ಆ ವರ್ಷದ ಚುನಾವಣೆಯಲ್ಲಿ ಅಲ್ಲಿ ಗೆದ್ದವರು ಬಿಜೆಪಿಯ ಜಿ. ಕರುಣಾಕರ ರೆಡ್ಡಿ. ಶಾಸಕರ ಪಕ್ಷ ಬದಲಾದರೂ ಸೌಲಭ್ಯ ಬದಲಾಗಲಿಲ್ಲ.

ಇದಕ್ಕೆ ವ್ಯತಿರಿಕ್ತವಾದ ಪಾಠ 2021ರಲ್ಲಿ ವಿಜಯನಗರ ಜಿಲ್ಲೆಯ ರಚನೆಯಿಂದ ದೊರೆಯುತ್ತದೆ. ಬಳ್ಳಾರಿಯ ವಿಭಜನೆಗೆ ಪಟ್ಟು ಹಿಡಿದವರು ಹೊಸಪೇಟೆಯ ಆನಂದ್ ಸಿಂಗ್; ಬಹಿರಂಗವಾಗಿ ವಿರೋಧಿಸಿದವರು ಬಳ್ಳಾರಿ ನಗರದ ಜಿ. ಸೋಮಶೇಖರ ರೆಡ್ಡಿ. ಕರುಣಾಕರ ರೆಡ್ಡಿಯವರ ಬೇಡಿಕೆ ಹರಪನಹಳ್ಳಿಯೇ ಜಿಲ್ಲಾ ಕೇಂದ್ರವಾಗಬೇಕೆಂಬುದಾಗಿತ್ತು. ಮೂವರೂ ಬಿಜೆಪಿಯವರು. ಗೆರೆ ಇದ್ದುದು ಪಕ್ಷಗಳ ನಡುವೆ ಅಲ್ಲ, ತಾಲ್ಲೂಕುಗಳ ನಡುವೆ. ಅದೂ ಅಲ್ಲದೆ, 2018ರಲ್ಲಿ ಆನಂದ್ ಸಿಂಗ್ ಆಯ್ಕೆಯಾದದ್ದು ಕಾಂಗ್ರೆಸ್‌ನಿಂದ. 2019ರಲ್ಲಿ ಅನರ್ಹಗೊಂಡ 17 ಶಾಸಕರಲ್ಲಿ ಅವರೂ ಒಬ್ಬರು. ಆ ವರ್ಷದ ಡಿಸೆಂಬರ್‌ನ ಉಪಚುನಾವಣೆಯಲ್ಲಿ ಬಿಜೆಪಿಯಿಂದ ಮರಳಿ ಗೆದ್ದರು. ಪಕ್ಷದ ಗೆರೆ ದಾಟುವುದಕ್ಕೂ ಪಕ್ಷವನ್ನೇ ದಾಟುವುದಕ್ಕೂ ಇರುವ ಅಂತರವನ್ನು ಯಾವ ಸೂಚ್ಯಂಕವಾದರೂ ಮೊದಲು ಗುರುತಿಸಬೇಕಾಗುತ್ತದೆ.

ಹಾಗಾದರೆ ಕರ್ನಾಟಕದಲ್ಲಿ ಏನನ್ನು ಎಣಿಸಬಹುದು? ಒಂದು ಸರ್ಕಾರ ಆರಂಭಿಸಿದ ನೀರಾವರಿ ಅಥವಾ ಕುಡಿಯುವ ನೀರಿನ ಯೋಜನೆಗೆ ಮುಂದಿನ ಸರ್ಕಾರ ಅನುದಾನ ಮುಂದುವರಿಸಿತೇ ಎಂಬುದು ಬಹುಶಃ ಎಲ್ಲಕ್ಕಿಂತ ನಂಬಲರ್ಹವಾದ ಗುರುತು. ಬಜೆಟ್ ಪುಸ್ತಕಗಳಿಂದ ಅದನ್ನು ಹೆಕ್ಕಬಹುದು. ಸದನ ಸಮಿತಿಗಳ ವರದಿಗಳೂ ಇವೆ. ಸಾರ್ವಜನಿಕ ಲೆಕ್ಕಪತ್ರ ಸಮಿತಿಯ ಅಧ್ಯಕ್ಷತೆ ವಿರೋಧ ಪಕ್ಷಕ್ಕೆ ಹೋಗುವುದು ರೂಢಿ. ಬೇರೆ ಬೇರೆ ಪಕ್ಷದ ನೆರೆಹೊರೆಯ ಶಾಸಕರು ಒಂದೇ ಬೇಡಿಕೆಯ ಮೇಲೆ ಎತ್ತುವ ಪ್ರಶ್ನೆಗಳನ್ನೂ ಕಲಾಪದ ದಾಖಲೆಗಳಿಂದ ಎಣಿಸಬಹುದು. ಎದುರು ಪಕ್ಷ ಯಾವುದೆಂಬುದನ್ನು ಮಾತ್ರ ವರ್ಷವರ್ಷಕ್ಕೂ ತಿದ್ದಿಕೊಳ್ಳಬೇಕು: 2018ರಲ್ಲಿ ಕಾಂಗ್ರೆಸ್‌ನೊಡನೆ ಸರ್ಕಾರ ನಡೆಸಿದ ಜೆಡಿಎಸ್ 2023ರ ಸೆಪ್ಟೆಂಬರ್‌ನಲ್ಲಿ ಎನ್‌ಡಿಎ ಸೇರಿತು.

ಇಂಥ ಪರೀಕ್ಷೆಗೆ ಈ ಭಾಗದಷ್ಟು ಹೇಳಿಮಾಡಿಸಿದ ಜಾಗ ಇನ್ನೊಂದಿರಲಾರದು. 2023ರ ವಿಧಾನಸಭಾ ಚುನಾವಣೆಯಲ್ಲಿ ಕೂಡ್ಲಿಗಿಯಿಂದ ಕಾಂಗ್ರೆಸ್‌ನ ಡಾ. ಎನ್.ಟಿ. ಶ್ರೀನಿವಾಸ್, ಹಗರಿಬೊಮ್ಮನಹಳ್ಳಿಯಿಂದ ಜೆಡಿಎಸ್‌ನ ಕೆ. ನೇಮಿರಾಜ ನಾಯ್ಕ, ಹಡಗಲಿಯಿಂದ ಬಿಜೆಪಿಯ ಕೃಷ್ಣ ನಾಯ್ಕ ಆಯ್ಕೆಯಾದರು. ಹರಪನಹಳ್ಳಿಯಲ್ಲಿ ಎಂ.ಪಿ. ಪ್ರಕಾಶ್ ಅವರ ಪುತ್ರಿ ಲತಾ ಮಲ್ಲಿಕಾರ್ಜುನ್ ಪಕ್ಷೇತರರಾಗಿ ಗೆದ್ದು, ಬಳಿಕ ಕಾಂಗ್ರೆಸ್‌ಗೆ ಬೆಂಬಲ ಘೋಷಿಸಿದರು. ಹತ್ತನೇ ಅನುಸೂಚಿಯಂತೆ, ಚುನಾವಣೆಯ ನಂತರ ಪಕ್ಷವೊಂದನ್ನು ಸೇರಿದ ಪಕ್ಷೇತರರ ಸದಸ್ಯತ್ವಕ್ಕೆ ಕುತ್ತು ಬರುತ್ತದೆ. ಹೊರಗಿನಿಂದ ಬೆಂಬಲಿಸಲು ಅಡ್ಡಿಯಿಲ್ಲ. ಆಯ್ಕೆಯಾದ ಆ ನಾಲ್ವರಲ್ಲಿ ವಿಪ್‌ನ ಹಂಗಿಲ್ಲದೆ ಸದನ ಪ್ರವೇಶಿಸಿದವರು ಅವರೊಬ್ಬರೇ.